ಈ ನಾಯಿ ಯಾರದ್ದು?

ಬೆಂಗಳೂರಲ್ಲಿ ನಾಯಿ ಸಾಕೋಕೂ ಲೈಸೆನ್ಸ್ ಬೇಕು ಅಂದರೆ ನಮ್ಮ ಟೀಮಿನಲ್ಲಿ ನಗುವವರೇ ಜಾಸ್ತಿ. 2018ರಲ್ಲಿ ಬಿಬಿಎಂಪಿ ಈ ನಿಯಮವನ್ನು ಬಿಗಿ ಮಾಡೋಕೆ ಹೋಗಿತ್ತು. ಫ್ಲ್ಯಾಟಿಗೆ ಒಂದೇ ನಾಯಿ, ಇಂಡಿಪೆಂಡೆಂಟ್ ಮನೆಗೆ ಮೂರು, ಜೊತೆಗೆ ಮೈಕ್ರೋಚಿಪ್. ನಾಯಿ ಸಾಕಿದವರು ತಿರುಗಿಬಿದ್ದರು, ಆದೇಶ ಮೂಲೆ ಸೇರಿತು. ನನಗೆ ಕುತೂಹಲ ಹುಟ್ಟಿಸಿದ್ದು ಅದಲ್ಲ. ಜಗತ್ತಿನ ಯಾವ ಊರಿನ ನಾಯಿ ಲೈಸೆನ್ಸ್ ಅರ್ಜಿ ತೆಗೆದರೂ ಅದರಲ್ಲಿ ಒಂದು ಕಾಲಂ ಇದ್ದೇ ಇರುತ್ತೆ: ಮಾಲೀಕರ ಹೆಸರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಮ್ಯಾಂಡೇಟರಿ ಫೀಲ್ಡ್.

ನಾನು ಬೆಳೆದ ಹಳ್ಳಿಯಲ್ಲಿ ಈ ಕಾಲಂ ತುಂಬೋಕೆ ಆಗ್ತಾ ಇರಲಿಲ್ಲ. ನಮ್ಮ ಬೀದಿಯ ಕರಿಯನಿಗೆ ಬೆಳಿಗ್ಗೆ ನಮ್ಮನೆಯ ತಂಗಳು ಮುದ್ದೆ, ಮಧ್ಯಾಹ್ನ ಎದುರು ಮನೆಯ ಜಗಲಿ, ರಾತ್ರಿ ಯಾರದೋ ಕಣ ಕಾಯೋ ಕೆಲಸ. ಯಾರ ನಾಯಿ ಅಂತ ಕೇಳಿದರೆ ‘ನಮ್ಮ ಬೀದೀದು’ ಅನ್ನೋದಷ್ಟೇ ಉತ್ತರ. ಈ ಉತ್ತರವನ್ನು ಒಪ್ಪದ ಸರ್ಕಾರಗಳು ಏನೇನು ಮಾಡಿದವು ಅನ್ನೋದೇ ನಾಯಿ ಲೈಸೆನ್ಸಿನ ಇತಿಹಾಸ.

ಇಂಗ್ಲೆಂಡಿನಿಂದ ಶುರು ಮಾಡೋಣ. ಅಲ್ಲಿ ನಾಯಿ ತೆರಿಗೆ ಬಂದದ್ದು 1796ರಲ್ಲಿ. ಅದಕ್ಕಾಗಿ ಪಟ್ಟು ಹಿಡಿದ ಸಂಸದ ಜಾನ್ ಡೆಂಟ್‌ಗೆ ‘ಡಾಗ್ ಡೆಂಟ್’ ಅನ್ನೋ ಅಡ್ಡಹೆಸರೇ ಅಂಟಿಕೊಂಡಿತು. 1867ರಲ್ಲಿ ಅದು ನಾಯಿಗೆ 5 ಶಿಲಿಂಗಿನ ಲೈಸೆನ್ಸ್ ಆಯಿತು, 1878ರಲ್ಲಿ 7 ಶಿಲಿಂಗ್ 6 ಪೆನ್ಸ್‌ಗೆ ಏರಿತು. ಆ ಕಾನೂನಲ್ಲಿ ಒಂದು ವಿವೇಕವೂ ಇತ್ತು: ಕುರಿ, ದನ ಕಾಯೋ ನಾಯಿಗೆ ವಿನಾಯಿತಿ. ದುಡಿಯುವ ನಾಯಿ ಬೇರೆ, ಶೋಕಿಯ ನಾಯಿ ಬೇರೆ ಅಂತ ಲಂಡನ್ನಿಗೆ ಗೊತ್ತಿತ್ತು. ಆಮೇಲೆ ನೂರು ವರ್ಷ ಶುಲ್ಕ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಕೊನೆಗೆ ಬರೀ 37 ಪೆನ್ಸ್. ವಸೂಲಿಯ ಖರ್ಚೇ ಆದಾಯಕ್ಕಿಂತ ಜಾಸ್ತಿಯಾಗಿ 1987ರಲ್ಲಿ ಲೈಸೆನ್ಸನ್ನೇ ತೆಗೆದುಹಾಕಿದರು.

ತಾಯ್ನಾಡಿನಲ್ಲಿ ಹೀಗೆ ಸದ್ದಿಲ್ಲದೆ ಸತ್ತ ಈ ನಾಯಿ ಲೆಕ್ಕ ಸಾಮ್ರಾಜ್ಯದ ಬೇರೆ ಕಡೆ ಅಷ್ಟು ಸೌಮ್ಯವಾಗಿರಲಿಲ್ಲ. ನಮ್ಮ ಮುಂಬಯಿಯನ್ನೇ ನೋಡಿ. ಅಲ್ಲಿ ಲೈಸೆನ್ಸ್ ಕೇಳಲಿಲ್ಲ, ನೇರವಾಗಿ ಕೊಲ್ಲೋಕೆ ಶುರು ಮಾಡಿದರು. ವರ್ಷದ ಕೆಲವು ತಿಂಗಳು ಬೀದಿನಾಯಿಗಳನ್ನು ಕೊಲ್ಲಬಹುದು ಅನ್ನೋ ನಿಯಮ ಕಂಪನಿ ಸರ್ಕಾರದಲ್ಲಿತ್ತು. ಕೊಂದ ನಾಯಿಗೆ ಇಷ್ಟು ಅಂತ ಇನಾಮು ಬೇರೆ. ಇನಾಮಿನ ಆಸೆಗೆ ಪೊಲೀಸರು ಮನೆ ಅಂಗಳದ ನಾಯಿಗಳನ್ನೂ ಬಿಡ್ತಾ ಇಲ್ಲ ಅನ್ನೋ ದೂರು ಎದ್ದಿತು. ಪಾರ್ಸಿಗಳಿಗೆ ನಾಯಿ ಪವಿತ್ರ, ಅವರ ಅಂತ್ಯಕ್ರಿಯೆಯಲ್ಲಿ ಶವದ ಮೇಲೆ ನಾಯಿಯ ದೃಷ್ಟಿ ಬೀಳಬೇಕು. 1832ರ ಜೂನ್ 6ರಂದು ಅವರು ಪೊಲೀಸರ ಮೇಲೆ ಬಿದ್ದರು. ಮಾರನೇ ದಿನ ಅಂಗಡಿಗಳು ಮುಚ್ಚಿದವು, ಸೈನ್ಯಕ್ಕೆ ಹೋಗೋ ದಿನಸಿಯೂ ನಿಂತಿತು, ಸೇನೆಯನ್ನು ಕರೆಸಬೇಕಾಯಿತು. ಎರಡು ವರ್ಷದ ನಂತರ ಜಮ್ಶೇಟ್‌ಜಿ ಜೀಜಿಭಾಯ್ ಮತ್ತಿತರ ವ್ಯಾಪಾರಿಗಳು ಇಂಥ ಪ್ರಾಣಿಗಳಿಗಾಗಿ ಪಾಂಜರಪೋಳ ಕಟ್ಟಿದರು. ಮುಂಬಯಿಯ ನಾಯಿಗಳ ಪರ ನಿಲ್ಲೋಕೆ ದುಡ್ಡಿದ್ದವರು ಇದ್ದರು.

ಅಂಥವರು ಯಾರೂ ಇಲ್ಲದ ಕಡೆ ಏನಾಯಿತು? ಅದು ನೈಋತ್ಯ ಆಫ್ರಿಕಾ, ಇವತ್ತಿನ ನಮೀಬಿಯಾ. ಜರ್ಮನ್ನರಿಂದ ಅದನ್ನು ಗೆದ್ದ ದಕ್ಷಿಣ ಆಫ್ರಿಕಾ 1917ರಲ್ಲಿ ನಾಯಿ ತೆರಿಗೆ ಹಾಕಿತು, 1921ರಲ್ಲಿ ಅದನ್ನು ವಿಪರೀತ ಏರಿಸಿತು. ದಕ್ಷಿಣದ ಒಣನೆಲದಲ್ಲಿದ್ದ ಬೊಂಡೆಲ್‌ಸ್ವಾರ್ಟ್ಸ್ ಅನ್ನೋ ನಾಮಾ ಜನರಿಗೆ ನಾಯಿ ಅಂದರೆ ಶೋಕಿಯಲ್ಲ. ಮೇಕೆಗಳನ್ನು ನರಿಗಳಿಂದ ಕಾಯೋದು ಅದು, ಬೇಟೆ ಹಿಡಿದು ಹೊಟ್ಟೆ ತುಂಬಿಸೋದೂ ಅದೇ. ನಾಯಿ ಇದ್ದವನು ಬಿಳಿಯರ ಹೊಲದಲ್ಲಿ ಕೂಲಿ ಮಾಡದೆಯೂ ಬದುಕಬಲ್ಲ. ತೆರಿಗೆಯ ಮರ್ಮ ಅಲ್ಲೇ ಇತ್ತು. ನಗದು ಕಟ್ಟಬೇಕು ಅಂದರೆ ಕೂಲಿಗೆ ಹೋಗಲೇಬೇಕು. ಇಂಗ್ಲೆಂಡ್ ಯಾರ ನಾಯಿಯನ್ನು ಬಿಟ್ಟಿತ್ತೋ ಅಂಥ ದುಡಿಯುವ ನಾಯಿಯೇ ಇಲ್ಲಿ ಗುರಿಯಾಯಿತು.

1922ರಲ್ಲಿ ಅವರ ನಾಯಕ ಅಬ್ರಹಾಂ ಮೋರಿಸ್ ಗಡಿಯಾಚೆಯಿಂದ ಬಂದೂಕುಗಳ ಸಮೇತ ಮರಳಿದ. ಅವನನ್ನು ಒಪ್ಪಿಸಿ ಅಂತ ಸರ್ಕಾರ ಕೇಳಿತು, ಜನ ಒಪ್ಪಲಿಲ್ಲ. ಜಗಳಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಸಿಟ್ಟಿನ ಬುಡದಲ್ಲಿ ಈ ತೆರಿಗೆ ಇತ್ತು. ಆಡಳಿತಗಾರ ಹೋಫ್‌ಮೇಯರ್ ಮೆಷಿನ್ ಗನ್ ಹಿಡಿದ ಪಡೆಯ ಜೊತೆ ವಿಮಾನಗಳನ್ನೂ ಕರೆಸಿದ. ಬಾಂಬ್ ಬಿದ್ದ ಬಿಡಾರದಲ್ಲಿ ಹೆಂಗಸರು, ಮಕ್ಕಳು, ದನಕರುಗಳಿದ್ದವು. ಸುಮಾರು ನೂರು ಜನ ಸತ್ತರು. ಜಿನೀವಾದ ರಾಷ್ಟ್ರಗಳ ಸಂಘದಲ್ಲಿ ಈ ಸಾವುಗಳನ್ನು ಖಂಡಿಸಿ ದನಿ ಎತ್ತಿದವರು ಪುಟ್ಟ ಹೈಟಿಯ ಪ್ರತಿನಿಧಿ ದಾಂತೇಸ್ ಬೆಲ್‌ಗಾರ್ಡ್.

ಹಾಗಂತ ನಾಯಿ ಲೈಸೆನ್ಸೇ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ರೇಬೀಸ್ ಬಂದ ಮೇಲೆ ಔಷಧಿಯಿಲ್ಲ. ಯಾವ ನಾಯಿಗೆ ಲಸಿಕೆ ಆಗಿದೆ ಅನ್ನೋ ಲೆಕ್ಕ ಊರಿಗೆ ಬೇಕೇ ಬೇಕು. ಸಾಕಲಾರೆ ಅಂತ ಲ್ಯಾಬ್ರಡಾರನ್ನು ರಿಂಗ್ ರೋಡಲ್ಲಿ ಬಿಟ್ಟುಹೋಗೋ ಪುಣ್ಯಾತ್ಮರನ್ನು ಹಿಡಿಯೋಕೂ ಚಿಪ್ ಒಳ್ಳೇದೇ. ಇಂಗ್ಲೆಂಡ್ ಕೂಡ ಲೈಸೆನ್ಸ್ ಬಿಟ್ಟರೂ 2016ರಿಂದ ಚಿಪ್ ಕಡ್ಡಾಯ ಮಾಡಿದೆ.

ನಾವು ನೋಡಬೇಕಾದ್ದು, ಮಾಲೀಕರ ಕಾಲಂ ಖಾಲಿ ಇದ್ದರೆ ಸಿಸ್ಟಮ್ ಏನು ಮಾಡುತ್ತೆ ಅನ್ನೋದನ್ನ. 1832ರ ಮುಂಬಯಿಯಲ್ಲಿ ಅದಕ್ಕೆ ಒಂದೇ ಉತ್ತರ: ಡಿಲೀಟ್. ಸ್ವತಂತ್ರ ಭಾರತ ಇನ್ನೊಂದು ಉತ್ತರ ಹುಡುಕಿತು. 2001ರ ನಿಯಮಗಳು ಬೀದಿನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ ಅಂದವು. 2023ರ ನಿಯಮಗಳು ಅದನ್ನು ‘ಸಮುದಾಯ ಪ್ರಾಣಿ’ ಅಂತಲೇ ಕರೆದವು. ನಮ್ಮ ಊರಿನವರು ‘ನಮ್ಮ ಬೀದೀದು’ ಅಂದದ್ದನ್ನೇ ಸರ್ಕಾರಿ ಭಾಷೆಯಲ್ಲಿ ಬರೆದಂತಿದೆ.

ಆದರೆ ‘ನಮ್ಮದು’ ಅಂದವರಿಗೆ ಕೆಲಸವೂ ಇರುತ್ತೆ. ಕಚ್ಚಿಸಿಕೊಂಡ ಮಗುವಿಗೆ ‘ಸಮುದಾಯ’ ಅನ್ನೋ ಪದದಿಂದ ಸಮಾಧಾನ ಆಗಲ್ಲ. ಬಿಸ್ಕೆಟ್ ಹಾಕೋರು ಲಸಿಕೆಯ ದಿನವೂ ಬರಬೇಕು, ಪಾಲಿಕೆ ಆ ದಿನವನ್ನು ಮೊದಲೇ ತಿಳಿಸಬೇಕು. ಮುಂದಿನ ಸಲ ಹೊಸ ನಾಯಿ ನಿಯಮದ ಕರಡು ಬಂದಾಗ ಫ್ಲ್ಯಾಟಿಗೆ ಎಷ್ಟು ನಾಯಿ ಅಂತ ಜಗಳ ಆಡೋಣ, ತಪ್ಪೇನಿಲ್ಲ. ಜೊತೆಗೆ ಅಪಾರ್ಟ್‌ಮೆಂಟ್ ಗೇಟಿನ ಹೊರಗೆ ಸೆಕ್ಯುರಿಟಿ ಅಣ್ಣನ ಕುರ್ಚಿ ಕೆಳಗೆ ಮಲಗಿರೋ ನಾಯಿಗೆ ಆ ಕರಡಿನಲ್ಲಿ ಯಾವ ಕಾಲಂ ಇದೆ ಅಂತಲೂ ಹುಡುಕೋಣ.