ಸಮುದ್ರಕ್ಕೆ ತಳ್ಳಿದ ಜೀಪುಗಳು

ಯುದ್ಧ ಗೆದ್ದ ಸೇನೆ ತನ್ನದೇ ಜೀಪು, ಲಾರಿ, ಬುಲ್ಡೋಜರ್‌ಗಳನ್ನ ಸಮುದ್ರಕ್ಕೆ ತಳ್ಳುತ್ತೆ ಅಂದ್ರೆ ನಂಬ್ತೀರಾ ವೀಕ್ಷಕರೇ? ಪೆಸಿಫಿಕ್ ಸಾಗರದ ಎಸ್ಪಿರಿಟು ಸಾಂಟೊ ದ್ವೀಪದಲ್ಲಿ ನಡೆದದ್ದು ಅದೇ. ಇವತ್ತಿನ ವನುವಾಟು ದೇಶ, ಆಗಿನ ನ್ಯೂ ಹೆಬ್ರಿಡೀಸ್. ಬ್ರಿಟನ್, ಫ್ರಾನ್ಸ್ ಜಂಟಿಯಾಗಿ ಆಳುತ್ತಿದ್ದ ಜಾಗ. ಜಪಾನ್ ವಿರುದ್ಧ ಹೋರಾಡಲು 1942ರಲ್ಲಿ ಅಮೆರಿಕ ಇಲ್ಲಿ ದೊಡ್ಡ ನೆಲೆ ಕಟ್ಟಿತು.

1945ರಲ್ಲಿ ಯುದ್ಧ ಮುಗಿಯಿತು. ಇಷ್ಟೆಲ್ಲ ವಾಹನಗಳನ್ನ ವಾಪಸ್ ಸಾಗಿಸೋದು ದುಬಾರಿ. ಅಗ್ಗದ ಬೆಲೆಗೆ ಕೊಡ್ತೀವಿ ಅಂತು ಅಮೆರಿಕ. ಹೇಗೂ ಬಿಟ್ಟು ಹೋಗ್ತಾರೆ, ದುಡ್ಡು ಯಾಕೆ ಅಂತ ಕೈಕಟ್ಟಿ ಕೂತಿತು ಜಂಟಿ ಸರ್ಕಾರ. ಹಟಕ್ಕೆ ಹಟ! ಓಡುವ ಗಾಡಿಗಳೆಲ್ಲ ನೀರುಪಾಲಾದವು.

ಇನ್ನೊಂದು ಕಡೆ ನೋಡಿ. ಹೆಚ್ಚುವರಿ ಸಾಮಗ್ರಿ ಮಾರಾಟದಲ್ಲಿ ಮಾಜಿ ಯೋಧರಿಗೆ ಆದ್ಯತೆ ಅಂತ 1944ರಲ್ಲೇ ಅಮೆರಿಕ ಕಾಯ್ದೆ ಮಾಡಿತ್ತು. ಆದ್ರೂ ಜೀಪು ಕೇಳಿಕೊಂಡು ಹೋದ ಎಷ್ಟೋ ಯೋಧರು ಅರ್ಜಿ, ಕ್ಯೂ, ಕಚೇರಿ ಅಂತ ಅಲೆದು ಬರಿಗೈಲಿ ಬಂದರು.

ಎಂಜಿನಿಯರಿಂಗ್ ಓದಿದವನಿಗೆ ಇದು ಹೊಟ್ಟೆ ಉರಿಸುವ ಕಥೆ. ಒಂದು ಬುಲ್ಡೋಜರ್ ಸಿಕ್ಕಿದ್ರೂ ಆ ದ್ವೀಪದಲ್ಲಿ ಎಷ್ಟು ರಸ್ತೆ ಆಗ್ತಿತ್ತು! ಚೌಕಾಸಿ ಮಾಡಿದ್ದು ಸರ್ಕಾರಗಳು, ಕಳೆದುಕೊಂಡಿದ್ದು ಜನ. ಆ ಜಾಗಕ್ಕೆ ಈಗ ಮಿಲಿಯನ್ ಡಾಲರ್ ಪಾಯಿಂಟ್ ಅಂತಾರೆ. ತುಕ್ಕು ಹಿಡಿದ ಆ ಚಕ್ರಗಳನ್ನ ನೋಡೋಕೆ ಪ್ರವಾಸಿಗರು ಮುಳುಗು ಹಾಕ್ತಾರೆ.