ಮೀಟರ್‌ನಿಂದ ಅಡಿಗೆ: ನಿವೇಶನ ಕೊಳ್ಳುವ ಮುನ್ನ ತಿಳಿದಿರಬೇಕಾದ ಲೆಕ್ಕ

ಚೋರನೂರು (ಸಂಡೂರು ತಾ.): ಮನೆ ನಿವೇಶನದ ಮಾತು ಬಂದಾಗ ರಾಜ್ಯದ ಇತರೆಡೆಗಳಂತೆ ಈ ಹೋಬಳಿ ಕೇಂದ್ರದಲ್ಲಿಯೂ ವ್ಯವಹಾರ ನಡೆಯುವುದು ಅಡಿ ಲೆಕ್ಕದಲ್ಲಿ. ಆದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಉದ್ದಗಲ ನಮೂದಾಗುವುದು ಮೀಟರ್‌ನಲ್ಲಿ. ಮಾತಿನಲ್ಲಿ ‘ಮೂವತ್ತು-ನಲವತ್ತು’ ಎನಿಸಿಕೊಂಡ ನಿವೇಶನವು ದಾಖಲೆಯಲ್ಲಿ 9 x 12 ಮೀಟರ್ ಎಂದಿದ್ದರೆ ಅವೆರಡೂ ಒಂದೇ ಅಲ್ಲ. ಈ ವ್ಯತ್ಯಾಸ ಅರಿಯದವರು ಇಲ್ಲದ ಜಾಗಕ್ಕೂ ಹಣ ತೆರಬೇಕಾದೀತು.

ಎರಡು ಪದ್ಧತಿ ಏಕೆ?

ಸ್ವಾತಂತ್ರ್ಯಾನಂತರ ಭಾರತವು 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಕಾನೂನಿನ ಅಳತೆ ಮೀಟರ್ ಆಯಿತಾದರೂ ಬ್ರಿಟಿಷರ ಕಾಲದ ಅಡಿ, ಅಂಗುಲಗಳು ಜನರ ಬಳಕೆಯಿಂದ ಮರೆಯಾಗಲಿಲ್ಲ.

ಮೂಲ ಸೂತ್ರ

1959ರ ಅಂತರರಾಷ್ಟ್ರೀಯ ಒಪ್ಪಂದದಂತೆ 1 ಗಜ ಎಂದರೆ ನಿಖರವಾಗಿ 0.9144 ಮೀಟರ್. ಉಳಿದವು ಇದರಿಂದಲೇ ದೊರೆಯುತ್ತವೆ:

* 1 ಅಂಗುಲ = 2.54 ಸೆಂ.ಮೀ.
* 1 ಅಡಿ (12 ಅಂಗುಲ) = 30.48 ಸೆಂ.ಮೀ.
* 1 ಮೀಟರ್ = 3.2808 ಅಡಿ = 39.37 ಅಂಗುಲ
* 1 ಮೈಲು = 1.6093 ಕಿ.ಮೀ.
* 1 ಕಿ.ಮೀ. = 0.6214 ಮೈಲು

ಪರಿವರ್ತನೆ ಹೇಗೆ?

ಮೀಟರ್ ಸಂಖ್ಯೆಯನ್ನು 0.3048ರಿಂದ ಭಾಗಿಸಿದರೆ ಅಡಿ ದೊರೆಯುತ್ತದೆ. 9 ಮೀಟರ್ ಎಂದರೆ 29.53 ಅಡಿ. ಇದನ್ನು 29 ಅಡಿ 5 ಅಂಗುಲ ಎಂದು ಓದುವುದು ತಪ್ಪು. ದಶಮಾಂಶದ ನಂತರದ 0.53ನ್ನು 12ರಿಂದ ಗುಣಿಸಬೇಕು. ಆಗ 29 ಅಡಿ, ಆರೂಕಾಲು ಅಂಗುಲಕ್ಕಿಂತ ತುಸು ಹೆಚ್ಚು ಎಂದು ತಿಳಿಯುತ್ತದೆ. ಇದೇ ರೀತಿ 12 ಮೀಟರ್ ಎಂದರೆ ಸುಮಾರು 39 ಅಡಿ ನಾಲ್ಕೂವರೆ ಅಂಗುಲ.

ವಿಸ್ತೀರ್ಣದ ಲೆಕ್ಕ ಬೇರೆ. ಚದರ ಮೀಟರನ್ನು ಚದರ ಅಡಿಗೆ ತರಲು 3.28ರಿಂದಲ್ಲ, 10.764ರಿಂದ ಗುಣಿಸಬೇಕು. 9 x 12 ಮೀಟರ್ ನಿವೇಶನದ ವಿಸ್ತೀರ್ಣ 108 ಚದರ ಮೀಟರ್, ಅಂದರೆ 1,162.5 ಚದರ ಅಡಿ. 30 x 40 ಅಡಿಯದು 1,200 ಚದರ ಅಡಿ. ಕೊರತೆ 37.5 ಚದರ ಅಡಿ. ಪೂರ್ಣ 30 x 40 ಅಡಿ ಇರಬೇಕಾದರೆ ದಾಖಲೆಯಲ್ಲಿ 9.14 x 12.19 ಮೀಟರ್ ಎಂದಿರಬೇಕು.

ಸಂಖ್ಯೆ ದೊಡ್ಡದಾದಂತೆ ತಪ್ಪೂ ದೊಡ್ಡದು

ಬಟ್ಟೆ ಅಳೆಯುವಾಗ ಒಂದು ಅಡಿಯನ್ನು 30 ಸೆಂ.ಮೀ. ಎಂದುಕೊಂಡರೆ ಬಾಧಕವಿಲ್ಲ. ಎಲ್ಲೆಡೆಯೂ ಹಾಗಲ್ಲ ಎಂಬುದಕ್ಕೆ ನೆರೆಯ ಹೊಸಪೇಟೆಯ ತುಂಗಭದ್ರಾ ಜಲಾಶಯವೇ ನಿದರ್ಶನ. ಮೆಟ್ರಿಕ್ ಕಾಯ್ದೆಗೂ ಮುನ್ನ ನಿರ್ಮಾಣವಾದ ಈ ಜಲಾಶಯದ ಮಟ್ಟವನ್ನು ಇಂದಿಗೂ ಅಡಿಗಳಲ್ಲಿಯೇ ಹೇಳಲಾಗುತ್ತದೆ. ಸಮುದ್ರ ಮಟ್ಟದಿಂದ ಇದರ ಪೂರ್ಣ ಮಟ್ಟ 1,633 ಅಡಿ, ಅಂದರೆ 497.74 ಮೀಟರ್. ಅಡಿಗೆ 30 ಸೆಂ.ಮೀ.ನಂತೆ ಲೆಕ್ಕ ಹಾಕಿದರೆ 489.90 ಮೀಟರ್ ಬರುತ್ತದೆ. ವ್ಯತ್ಯಾಸ 25 ಅಡಿಗೂ ಅಧಿಕ. ಅಣೆಕಟ್ಟೆಯ ಕ್ರೆಸ್ಟ್ ಗೇಟಿನ ಎತ್ತರವೇ 20 ಅಡಿ!

ಗಮನಿಸಿ

ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ದಾಖಲೆಯ ಮೀಟರ್ ಅಳತೆಯನ್ನು ಅಡಿ-ಅಂಗುಲಕ್ಕೆ ಪರಿವರ್ತಿಸಿಕೊಂಡು, ನಿವೇಶನದ ನಾಲ್ಕೂ ಬದಿಯನ್ನು ಟೇಪು ಹಿಡಿದು ಅಳೆಯಿಸುವುದು ಒಳಿತು. ದರ ಚದರ ಅಡಿಗೆ ನಿಗದಿಯಾಗಿದ್ದರೆ, ದಾಖಲೆಯ ಚದರ ಮೀಟರನ್ನು 10.764ರಿಂದ ಗುಣಿಸಿ ಬಂದ ವಿಸ್ತೀರ್ಣಕ್ಕಷ್ಟೇ ಹಣ ನೀಡಬೇಕು. ಪರಿವರ್ತನೆಯ ನಡುವೆ ದಶಮಾಂಶಗಳನ್ನು ಕೈಬಿಡದೆ, ಕೊನೆಯ ಉತ್ತರವನ್ನು ಮಾತ್ರ ಪೂರ್ಣಾಂಕಕ್ಕೆ ತರಬೇಕು.