ಸಂಕಲನದ ಗುಣಧರ್ಮಗಳು

ಮಕ್ಕಳಿಗೆ ಮೊದಲು ಒಲಿಯುವ ಲೆಕ್ಕವೆಂದರೆ ಕೂಡುವ ಲೆಕ್ಕ. ಅದರಲ್ಲಿ ತಿಳಿಯದೆ ಉಳಿದದ್ದು ಏನಿದ್ದೀತೆಂದು ನಾವು ಭಾವಿಸುವುದು ಸಹಜವೇ ಸರಿ. ಆದರೆ ಅದೇ ಮಗುವು ಬೆಳೆದು ಬೀಜಗಣಿತದ ಹೊಸ್ತಿಲಲ್ಲಿ ನಿಂತಾಗ, ಉಪಾಧ್ಯಾಯರು ಕರಿಹಲಗೆಯ ಮೇಲೆ ‘ಅ + ಬ = ಬ + ಅ’ ಎಂದು ಬರೆದು, ಇದೊಂದು ನಿಯಮವೆಂದು ಗಂಭೀರವಾಗಿ ಸಾರುವರು. ‘ಇದು ಯಾರಿಗೆ ಗೊತ್ತಿಲ್ಲ? ಇದನ್ನು ಕಲಿಯುವುದೇನಿದೆ?’ ಎಂದು ಹುಡುಗನು ಮನಸ್ಸಿನಲ್ಲೇ ಕೇಳಿಕೊಳ್ಳುವನು. ಈ ಪ್ರಶ್ನೆಗೆ ಉತ್ತರ ದೊರೆಯದೆ ಹೋದರೆ, ಬೀಜಗಣಿತವೆಂದರೆ ಅರ್ಥವಿಲ್ಲದ ಅಕ್ಷರಗಳ ಆಟವೆಂಬ ಭಾವನೆ ಅವನಲ್ಲಿ ನೆಲೆಯೂರುವುದು. ಉತ್ತರವಾದರೋ ಇತಿಹಾಸದಲ್ಲಿದೆ. ಅದನ್ನು ನಾವು ಸ್ವಲ್ಪ ಪರಿಶೀಲಿಸೋಣ.

ಭಾಸ್ಕರಾಚಾರ್ಯನು ಕ್ರಿ. ಶ. ೧೧೫೦ರ ಸುಮಾರಿಗೆ ರಚಿಸಿದ ‘ಲೀಲಾವತಿ’ಯಲ್ಲಿ ಕೂಡುವ ಲೆಕ್ಕಕ್ಕೆ ಒಂದು ಉದಾಹರಣೆಯಿದೆ: ೨, ೫, ೩೨, ೧೯೩, ೧೮, ೧೦, ೧೦೦ ಇವುಗಳ ಮೊತ್ತವೆಷ್ಟು? ಮೇಲಿನಿಂದ ಕೂಡುತ್ತ ಬಂದರೂ, ಕೆಳಗಿನಿಂದ ಕೂಡುತ್ತ ಹೋದರೂ ೩೬೦. ಜಾಣನಾದ ಬಾಲಕನು ೨, ೫, ೧೯೩ನ್ನು ಒಂದು ಗುಂಪುಮಾಡಿ ೨೦೦ ಎನ್ನುವನು, ೩೨ ಮತ್ತು ೧೮ನ್ನು ಸೇರಿಸಿ ೫೦ ಎನ್ನುವನು, ಉಳಿದದ್ದು ೧೧೦, ಒಟ್ಟು ೩೬೦. ಇಲ್ಲಿ ಅವನು ಎರಡು ನಿಯಮಗಳನ್ನು ಅರಿಯದೆಯೇ ಬಳಸಿರುವನು. ಸಂಖ್ಯೆಗಳ ಸ್ಥಾನವನ್ನು ಅದಲುಬದಲು ಮಾಡಿದರೂ ಮೊತ್ತ ಕೆಡುವುದಿಲ್ಲವೆಂಬುದು ಪರಿವರ್ತನೀಯ ನಿಯಮ. ಯಾವುದನ್ನು ಯಾವುದರೊಡನೆ ಮೊದಲು ಗುಂಪುಗೂಡಿಸಿದರೂ ಮೊತ್ತ ಒಂದೇ ಎಂಬುದು ಸಹವರ್ತನೀಯ ನಿಯಮ. ಅಂಕಗಳನ್ನು ಸ್ಥಾನಕ್ಕನುಸಾರವಾಗಿ ಕ್ರಮದಿಂದಲಾದರೂ ಉತ್ಕ್ರಮದಿಂದಲಾದರೂ ಕೂಡಬಹುದೆಂದು ಭಾಸ್ಕರನು ಹೇಳಿರುವನು. ಅಂಗಡಿಯ ಪಟ್ಟಿಯನ್ನು ಮೇಲಿನಿಂದ ಕೂಡಿ, ತಾಳೆನೋಡಲು ಕೆಳಗಿನಿಂದ ಮತ್ತೆ ಕೂಡುವ ಗುಮಾಸ್ತನಿಗೂ ಈ ನಿಯಮವೇ ಆಧಾರ.

ಆದರೆ ಇವೆರಡೇ ಸಾಲವು. ಬೀಜಗಣಿತಕ್ಕೆ ಇನ್ನೆರಡು ಬೇಕು. ಅವುಗಳನ್ನು ನಿಸ್ಸಂದಿಗ್ಧವಾಗಿ ನುಡಿದ ಕೀರ್ತಿ ಬ್ರಹ್ಮಗುಪ್ತನಿಗೆ ಸಲ್ಲುವುದು. ಕ್ರಿ. ಶ. ೬೨೮ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಅವನು ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ರಚಿಸಿದನು. ಅದರ ಹದಿನೆಂಟನೆಯ ಅಧ್ಯಾಯದಲ್ಲಿ ಧನ, ಋಣ, ಶೂನ್ಯಗಳ ಸಂಕಲನವಿಧಿಯಿದೆ. ಧನಕ್ಕೆ ಧನ ಸೇರಿದರೆ ಧನ. ಋಣಕ್ಕೆ ಋಣ ಸೇರಿದರೆ ಋಣ. ಧನವೂ ಋಣವೂ ಸೇರಿದರೆ ಅವುಗಳ ಅಂತರ. ಎರಡೂ ಸಮವಾಗಿದ್ದರೆ ಶೂನ್ಯ. ಶೂನ್ಯವು ಸೇರಿದಾಗ ಧನವು ಧನವಾಗಿಯೂ ಋಣವು ಋಣವಾಗಿಯೂ ಉಳಿಯುವುದು. ಐದು ರೂಪಾಯಿ ಸಾಲವಿದ್ದವನ ಕೈಗೆ ಮೂರು ರೂಪಾಯಿ ಬಂದರೆ ಅವನಿಗೆ ಉಳಿಯುವುದು ಎರಡು ರೂಪಾಯಿ ಸಾಲ. ಧನ, ಋಣ ಎಂಬ ಹೆಸರುಗಳಲ್ಲಿಯೇ ವಿವರಣೆಯೂ ಅಡಗಿರುವುದನ್ನು ನಾವು ಗಮನಿಸಬೇಕು. ಶೂನ್ಯವನ್ನು ಬರಿಯ ಖಾಲಿ ಸ್ಥಳದ ಗುರುತಾಗಿ ಬಿಡದೆ, ಕೂಡಬಹುದಾದ ಸಂಖ್ಯೆಯೆಂದೇ ಎಣಿಸಿದುದು ಇಲ್ಲಿಯ ಹಿರಿಮೆ.

ಈ ಪರಂಪರೆಯು ಕನ್ನಡನಾಡಿಗೂ ಬಂದಿತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಆ ದೊರೆಯನ್ನು ಸ್ತುತಿಸಿ, ಶೂನ್ಯವನ್ನು ಕೂಡಿದರೂ ಕಳೆದರೂ ಸಂಖ್ಯೆ ಬದಲಾಗದೆಂದು ವಿಧಿಸಿರುವನು. ಶೂನ್ಯದಿಂದ ಭಾಗಿಸಿದರೂ ಬದಲಾಗದೆಂದು ಅವನು ಹೇಳಿದುದು ಮಾತ್ರ ತಪ್ಪು. ಶೂನ್ಯವು ಸಂಕಲನದಲ್ಲಿ ಎಷ್ಟು ಸಾಧುವೋ ಭಾಗಾಹಾರದಲ್ಲಿ ಅಷ್ಟೇ ತಂಟೆಯದೆಂಬುದಕ್ಕೆ ಇದೇ ನಿದರ್ಶನ. ಈ ಗ್ರಂಥವು ೧೯೧೨ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು.

ಋಣಸಂಖ್ಯೆಯನ್ನು ಒಪ್ಪುವುದು ಎಲ್ಲರಿಗೂ ಸುಲಭವಾಗಲಿಲ್ಲ. ಬ್ರಹ್ಮಗುಪ್ತನಾಗಿ ಹನ್ನೊಂದು ಶತಮಾನಗಳು ಕಳೆದ ಮೇಲೂ, ೧೭೯೬ರಲ್ಲಿ, ಇಂಗ್ಲೆಂಡಿನ ವಿಲಿಯಂ ಫ್ರೆಂಡ್ ಎಂಬಾತನು ಋಣಸಂಖ್ಯೆಯನ್ನೇ ತಿರಸ್ಕರಿಸಿ ಬೀಜಗಣಿತದ ಪುಸ್ತಕವೊಂದನ್ನು ಬರೆದನು. ಆದುದರಿಂದ ‘ಇಲ್ಲದ್ದಕ್ಕಿಂತ ಕಡಮೆ ಇರುವುದು ಹೇಗೆ?’ ಎಂದು ಕೇಳುವ ಹುಡುಗನನ್ನು ನಾವು ದಡ್ಡನೆಂದು ಗದರಿಸಬಾರದು. ವಿದ್ವಾಂಸರೂ ಅಲ್ಲಿಯೇ ಎಡವಿರುವರು.

ಇನ್ನು ನಿಯಮಗಳಿಗೆ ಹೆಸರು ಬಂದ ಸಂಗತಿ. ಪರಿವರ್ತನೀಯವೆಂಬ ಅರ್ಥದ ಪದವನ್ನು ೧೮೧೪ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಸೆರ್ವ್ವಾ. ಎಲ್ಲರೂ ಬಲ್ಲ ಸಂಗತಿಗೆ ಹೆಸರೇಕೆ? ೧೮೪೩ನೆಯ ಅಕ್ಟೋಬರ್ ೧೬ರಂದು ಐರ್ಲೆಂಡಿನ ಹ್ಯಾಮಿಲ್ಟನ್ನನು ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ಪತ್ನಿಯೊಡನೆ ನಡೆಯುತ್ತಿದ್ದಾಗ, ನಾಲ್ಕು ಅಂಗಗಳುಳ್ಳ ಹೊಸ ಬಗೆಯ ಸಂಖ್ಯೆಗಳು ಅವನಿಗೆ ಹೊಳೆದುವು. ಅವುಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಒಂದೇ. ಆದರೆ ಗುಣಿಸುವಾಗ ಕ್ರಮ ಬದಲಾದರೆ ಲಬ್ಧವೂ ಬದಲಾಗಬಹುದು! ಎಲ್ಲೆಡೆಯೂ ಸಹಜವೆಂದು ನಂಬಿದ್ದ ಗುಣವು ಒಂದೆಡೆ ತಪ್ಪಿಹೋಯಿತು. ಗುಣಾಕಾರದಲ್ಲಿ ತಪ್ಪಬಹುದಾದ ಗುಣ ಸಂಕಲನದಲ್ಲಿ ಏಕೆ ತಪ್ಪದು ಎಂಬ ಪ್ರಶ್ನೆಗೆ ಆಗ ಬೆಲೆ ಬಂದಿತು. ೧೮೬೧ರಲ್ಲಿ ಸ್ಟೆಟಿನ್ ನಗರದ ಶಾಲೋಪಾಧ್ಯಾಯ ಗ್ರಾಸ್‌ಮನ್ನನು ಅದಕ್ಕೆ ಉತ್ತರವಿತ್ತನು. ಒಂದೊಂದಾಗಿ ಮುಂದಕ್ಕೆ ಎಣಿಸುವ ಕ್ರಿಯೆಯೇ ಸಂಕಲನಕ್ಕೆ ಮೂಲವೆಂದು ಹಿಡಿದು, ಒಂದು ಸಂಖ್ಯೆಗೆ ಸಲ್ಲುವುದು ಅದರ ಮುಂದಿನದಕ್ಕೂ ಸಲ್ಲುವುದೆಂದು ತೋರಿಸುತ್ತ, ಪರಿವರ್ತನೀಯ ಸಹವರ್ತನೀಯ ನಿಯಮಗಳೆರಡನ್ನೂ ಅವನು ಸಾಧಿಸಿದನು.

ಈಗ ನಮ್ಮ ಹುಡುಗನ ಬಳಿಗೆ ಹಿಂದಿರುಗೋಣ. ‘ಯ + ೭ = ೩’ ಎಂಬ ಸಮೀಕರಣವನ್ನು ಅವನು ಬಿಡಿಸಬೇಕು. ಎರಡು ಪಕ್ಕಗಳಿಗೂ ಋಣ ೭ನ್ನು ಕೂಡುವನು. ಎಡಪಕ್ಕದಲ್ಲಿ ೭ನ್ನೂ ಋಣ ೭ನ್ನೂ ಮೊದಲು ಗುಂಪುಗೂಡಿಸಲು ಸಹವರ್ತನೀಯ ನಿಯಮವು ಅಪ್ಪಣೆಕೊಡುವುದು. ಸಮವಾದ ಧನಋಣಗಳು ಸೇರಿ ಶೂನ್ಯವಾಗುವುದು ಬ್ರಹ್ಮಗುಪ್ತನ ವಿಧಿ. ಶೂನ್ಯ ಸೇರಿದರೂ ‘ಯ’ ಬದಲಾಗದೆ ಉಳಿಯುವುದೂ ಅವನದೇ. ಬಲಪಕ್ಕದಲ್ಲಿ ಧನ ೩, ಋಣ ೭. ಅಂತರ ಋಣ ೪. ‘ಯ’ ದೊರೆಯಿತು. ‘ಆಚೆಗೆ ಹೋದರೆ ಚಿಹ್ನೆ ಬದಲಾಗುವುದು’ ಎಂದು ಬಾಯಿಪಾಠ ಮಾಡಿದವನಿಗೆ ಇದು ಮಂತ್ರ. ಕಾರಣವನ್ನು ತಿಳಿದವನಿಗೆ ಇದು ನ್ಯಾಯ.

ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ತಂದೆತಾಯಿಗಳು ಈ ಭೇದವನ್ನು ನೆನಪಿನಲ್ಲಿಟ್ಟರೆ ಸಾಕು. ಉತ್ತರ ಸರಿಯಾಯಿತೇ ಎಂದು ಕೇಳುವುದರೊಡನೆ, ಈ ಹೆಜ್ಜೆಯನ್ನು ಯಾವ ಅಧಿಕಾರದಿಂದ ಇಟ್ಟೆ ಎಂದೂ ಒಮ್ಮೆ ಕೇಳೋಣ. ಅದಕ್ಕೆ ಉತ್ತರ ಹೇಳಬಲ್ಲ ಬಾಲಕನಿಗೆ ಬೀಜಗಣಿತದ ಭಯವಿರದು.